ಎಂಸಿಎಒ ಮೌಸ್ ಮಾದರಿ: ಇನ್‌ಫಾರ್ಕ್ಟ್ ಏರುಪೇರು, ಮೆದುಳಿನ ಉರಿಯೂತದ ಅಳತೆ, ಐಎಲ್-1 ತಡೆ – ಮೊದಲು ಯಾವುದನ್ನು ಸರಿಪಡಿಸಬೇಕು?

ನರಜಾಲ (ಪ್ರಶ್ನೆ)

ಎಂಸಿಎಒ ಎಂದರೆ ಮೆದುಳಿಗೆ ಹೋಗುವ ಮಿಡಲ್ ಸೆರೆಬ್ರಲ್ ರಕ್ತನಾಳವನ್ನು (ಎಂಸಿಎ) ಅಡ್ಡಗಟ್ಟಿ ಸ್ಟ್ರೋಕ್ ಉಂಟುಮಾಡುವ ಮಾದರಿ. ಸ್ಟ್ರೋಕ್ ನಂತರ ಮೆದುಳಿನಲ್ಲಿ ಏಳುವ ಉರಿಯೂತವನ್ನು ಅಳೆದು, ಉರಿಯೂತ ಎಬ್ಬಿಸುವ ಸಂಕೇತ ಪ್ರೋಟೀನ್ ಇಂಟರ್‌ಲ್ಯೂಕಿನ್-1 (ಐಎಲ್-1) ತಡೆದರೆ ಹಾನಿ ಎಷ್ಟು ತಗ್ಗುತ್ತದೆ ಎಂದು ನೋಡುವ ಪ್ರಯೋಗ. ಈಗಿರುವ ವಿಧಾನ ಹೀಗಿದೆ.

ಸಿ57ಬಿಎಲ್/6 ತಳಿಯ ಗಂಡು ಮೌಸ್, 10–12 ವಾರ, 22–26 ಗ್ರಾಂ. ಕೆಟಮಿನ್-ಜೈಲಜಿನ್ ಅರಿವಳಿಕೆ. ಕಾಮನ್ ಕೆರೋಟಿಡ್‌ನಿಂದಲೇ ತಂತು ತೂರಿಸುವ ಕೊಯ್ಜುಮಿ ವಿಧಾನ. 60 ನಿಮಿಷ ಅಡ್ಡಗಟ್ಟಿ, ಆಮೇಲೆ ತಂತು ತೆಗೆದು ಕಾಮನ್ ಕೆರೋಟಿಡ್ ಕಟ್ಟಿಬಿಡುವುದು. ಮೆದುಳಿನ ರಕ್ತದ ಹರಿವು ಅಳೆಯುವ ಲೇಸರ್ ಡಾಪ್ಲರ್ ಬಳಸುತ್ತಿಲ್ಲ. ಎಚ್ಚರವಾದ ಮೇಲೆ ಒಂದೇ ಪಕ್ಕಕ್ಕೆ ಸುತ್ತಿದರೆ ಸೇರಿಸಿಕೊಳ್ಳುವುದು. 72 ಗಂಟೆಗೆ ಟಿಟಿಸಿ ಬಣ್ಣ (ಜೀವಂತ ಭಾಗವನ್ನು ಕೆಂಪಾಗಿಸುವುದು). ಇನ್‌ಫಾರ್ಕ್ಟ್ (ರಕ್ತವಿಲ್ಲದೆ ಸತ್ತ ಭಾಗ) ಗಾತ್ರ ಅರ್ಧಗೋಳದ ಶೇ. 0ಯಿಂದ ಶೇ. 50ರ ಮೇಲಿನವರೆಗೂ ಹರಡಿದೆ.

ಇನ್ನೊಂದು ಗುಂಪಿನಲ್ಲಿ ಫ್ಲೋ ಸೈಟೋಮೆಟ್ರಿ (ಕೋಶಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವುದು): ಅಂಗಾಂಶ ಬಿಡಿಸುವ ಕಿಣ್ವ ಕೊಲಾಜಿನೇಸ್ 37 ಡಿಗ್ರಿಯಲ್ಲಿ 45 ನಿಮಿಷ, ಕೋಶ ಬೇರ್ಪಡಿಸುವ ದ್ರಾವಣ ಪರ್ಕಾಲ್, ಕೋಶದ ಮೇಲ್ಮೈ ಗುರುತುಗಳಾದ ಸಿಡಿ45 ಮತ್ತು ಸಿಡಿ11ಬಿ. ಶಾಮ್ (ಶಸ್ತ್ರಕ್ರಿಯೆ ಮಾತ್ರ, ಸ್ಟ್ರೋಕ್ ಇಲ್ಲ) ಪ್ರಾಣಿಗಳಲ್ಲೂ ಸಿಡಿ45 ಹೆಚ್ಚಿರುವ ಕೋಶಗಳು ಸಾಕಷ್ಟು ಕಾಣಿಸುತ್ತಿವೆ. ಮೆದುಳಿನದೇ ರಕ್ಷಕ ಕೋಶವಾದ ಮೈಕ್ರೋಗ್ಲಿಯಾ ಯಾವುದು, ರಕ್ತದಿಂದ ಬಂದ ಮೊನೊಸೈಟ್ ಯಾವುದು ಎಂದು ಗೆರೆ ಎಳೆಯುವುದೇ ಕಷ್ಟವಾಗಿದೆ.

ಕೇಳಬೇಕಾದ್ದು ಮೂರು. ಇನ್‌ಫಾರ್ಕ್ಟ್ ಏರುಪೇರನ್ನು ತಗ್ಗಿಸಲು ಎಲ್ಲಿಂದ ಶುರು ಮಾಡಬೇಕು? ಕೋಶಗಳನ್ನು ನಂಬುವಂತೆ ಬೇರ್ಪಡಿಸುವುದು ಹೇಗೆ? ಐಎಲ್-1 ತಡೆಯುವ ಪ್ರೋಟೀನ್ ಐಎಲ್-1 ರಿಸೆಪ್ಟರ್ ಆಂಟಗೊನಿಸ್ಟ್ ಮನುಷ್ಯರಲ್ಲಿ ಕೆಲಸ ಮಾಡಲಿಲ್ಲ ಎನ್ನುತ್ತಾರೆ; ಹಾಗಿದ್ದರೂ ಇದನ್ನು ಮೌಸ್‌ನಲ್ಲಿ ಮುಂದುವರಿಸುವುದರಲ್ಲಿ ಅರ್ಥವಿದೆಯೇ?

---

ತಂತುಗಾರ

ಮೊದಲು ಡಾಪ್ಲರ್. ಅದಿಲ್ಲದೆ ಉಳಿದದ್ದೆಲ್ಲ ಊಹೆ. ಸುತ್ತುವುದನ್ನು ನೋಡಿ ಸೇರಿಸಿಕೊಂಡರೆ ರಕ್ತ ನಿಜಕ್ಕೂ ನಿಂತಿತ್ತೇ, ಎಷ್ಟು ಹೊತ್ತು ನಿಂತಿತ್ತು, ಮತ್ತೆ ಹರಿಯಿತೇ ಎಂಬ ಮೂರರಲ್ಲಿ ಒಂದೂ ಗೊತ್ತಾಗುವುದಿಲ್ಲ. ಕೆರೋಟಿಡ್ ಕಟ್ಟಿದ ಮಾತ್ರಕ್ಕೇ ಕೆಲವು ಪ್ರಾಣಿಗಳು ಸ್ವಲ್ಪ ಹೊತ್ತು ಸುತ್ತುತ್ತವೆ.

ಬ್ರೆಗ್ಮಾದಿಂದ (ತಲೆಬುರುಡೆಯ ಮೇಲಿನ ಹೊಲಿಗೆಗಳು ಕೂಡುವ ಬಿಂದು) 1–2 ಮಿ.ಮೀ. ಹಿಂದೆ, 4–5 ಮಿ.ಮೀ. ಪಕ್ಕಕ್ಕೆ ತಲೆಬುರುಡೆಯ ಮೇಲೆ ಬಾಗುವ ಫೈಬರ್ ಅಂಟಿಸಿ. ಹರಿವಿನ ಗೆರೆ ಎರಡು ಮೆಟ್ಟಿಲಲ್ಲಿ ಇಳಿಯಬೇಕು: ಕಾಮನ್ ಕೆರೋಟಿಡ್ ಕಟ್ಟಿದಾಗ ಒಂದು ಸಣ್ಣ ಇಳಿತ, ತಂತು ಮಿಡಲ್ ಸೆರೆಬ್ರಲ್ ಬಾಯಿಗೆ ಕೂತಾಗ ದೊಡ್ಡ ಇಳಿತ. ಎರಡನೆಯದರಲ್ಲಿ ಮೂಲ ಹರಿವಿನ ಶೇ. 25ಕ್ಕಿಂತ ಕೆಳಗೆ ಬಾರದಿದ್ದರೆ ಆ ಪ್ರಾಣಿಯನ್ನು ಬಿಡಿ. ತಂತು ತೆಗೆದಾಗ ಅರ್ಧಕ್ಕಿಂತ ಮೇಲೆ ಏರಬೇಕು. ಈ ಎರಡು ಅಂಕಿಗಳನ್ನು ಪ್ರಯೋಗ ಶುರುವಾಗುವ ಮೊದಲೇ ಬರೆದಿಡಿ. ಇನ್‌ಫಾರ್ಕ್ಟ್ ನೋಡಿದ ಮೇಲೆ ಗೆರೆ ಎಳೆದರೆ ಅದು ಮಾನದಂಡವಾಗುವುದಿಲ್ಲ.

ಗೆರೆಯೇ ಕಾರಣವನ್ನೂ ಹೇಳುತ್ತದೆ. ತಂತು ಬೇಗನೆ ತಡೆದು ನಿಂತಿದೆ, ಹರಿವು ಮಾತ್ರ ಇಳಿದಿಲ್ಲ ಅಂದರೆ ಅದು ಟೆರಿಗೊಪ್ಯಾಲಟೈನ್ ಕವಲಿಗೆ ಹೋಗಿದೆ. ಹಿಂದೆ ಎಳೆದು, ತುದಿಯನ್ನು ಒಳಮುಖವಾಗಿ ತಿರುಗಿಸಿ ಮತ್ತೆ ಬಿಡಿ. ಹರಿವು ಧಡಕ್ಕನೆ ಇಳಿದು, ಉಸಿರಾಟ ಏರುಪೇರಾಗಿ, ತಂತು ತೆಗೆದರೂ ಗೆರೆ ಮೇಲೇಳದಿದ್ದರೆ ರಕ್ತನಾಳ ತೂತಾಗಿದೆ ಎಂದು ಅನುಮಾನಿಸಿ. ಕೊನೆಯಲ್ಲಿ ಮೆದುಳಿನ ತಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ನೋಡಿ, ಇದ್ದರೆ ಸಬ್‌ಅರಾಕ್ನಾಯ್ಡ್ ರಕ್ತಸ್ರಾವ ಎಂದು ದಾಖಲಿಸಿ ಹೊರಗಿಡಿ. ಉರಿಯೂತ ಅಳೆಯುವವರಿಗೆ ಇದು ಇನ್ನೂ ಮುಖ್ಯ. ಹೊರಬಿದ್ದ ರಕ್ತವೇ ಬೇರೊಂದು ಉರಿಯೂತವನ್ನು ಎಬ್ಬಿಸುತ್ತದೆ.

ತಂತು: 22–26 ಗ್ರಾಂ ಪ್ರಾಣಿಗೆ 6-0 ನೈಲಾನ್, ಸಿಲಿಕೋನ್ ಲೇಪಿತ ತುದಿ 0.21–0.23 ಮಿ.ಮೀ. ವ್ಯಾಸ, ಲೇಪನದ ಉದ್ದ 2–3 ಮಿ.ಮೀ. ಬೆಂಕಿಗೆ ಹಿಡಿದು ಗುಂಡಗೆ ಮಾಡಿದ ತುದಿ ಬೇಡ, ಒಂದೊಂದು ಒಂದೊಂದು ಗಾತ್ರಕ್ಕೆ ಬರುತ್ತದೆ, ನಾಳವನ್ನೂ ತೂತು ಮಾಡುತ್ತದೆ. ಲೇಪನ ಉದ್ದವಾದಷ್ಟೂ ಹೈಪೊಥಲಮಸ್‌ಗೆ ಹೋಗುವ ಸಣ್ಣ ನಾಳಗಳೂ ಮುಚ್ಚಿ, ಮೈಬಿಸಿ ಏರಿ, ಸಾವು ಹೆಚ್ಚುತ್ತದೆ. ಕೆರೋಟಿಡ್ ಕವಲಿನಿಂದ ಸುಮಾರು 9–10 ಮಿ.ಮೀ. ಒಳಗೆ. ತೂಕದ ವ್ಯಾಪ್ತಿಯನ್ನು 3 ಗ್ರಾಂ ಒಳಗೆ ತನ್ನಿ; 22 ಗ್ರಾಂ ಮೌಸ್‌ಗೂ 26 ಗ್ರಾಂ ಮೌಸ್‌ಗೂ ಅದೇ ತಂತು ಒಂದೇ ಥರ ಕೂರುವುದಿಲ್ಲ.

ಈಗ ಕೊಯ್ಜುಮಿ. ಅದು 1986ರದು, ಲೊಂಗಾ 1989ರದು. ಎರಡೂ ರ‍್ಯಾಟ್‌ಗಾಗಿ ಹುಟ್ಟಿದವು. ನೀವು ಮಾಡುವ ಹಾಗೆ ಕಾಮನ್ ಕೆರೋಟಿಡ್ ಶಾಶ್ವತವಾಗಿ ಕಟ್ಟಿದರೆ ಮತ್ತೆ ಹರಿಯುವ ರಕ್ತವೆಲ್ಲ ಸರ್ಕಲ್ ಆಫ್ ವಿಲ್ಲಿಸ್ (ಮೆದುಳಿನ ತಳದ ರಕ್ತನಾಳಗಳ ಬಳೆ) ಸುತ್ತಿಯೇ ಬರಬೇಕು. ಸಿ57ಬಿಎಲ್/6ರಲ್ಲಿ ಆ ಬಳೆಯ ಹಿಂಬದಿ ಕೊಂಡಿಯಾದ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ನಾಳ ಹಲವಕ್ಕೆ ಸಣ್ಣದು, ಕೆಲವಕ್ಕೆ ಇಲ್ಲವೇ ಇಲ್ಲ, ಕೆಲವಕ್ಕೆ ಒಂದೇ ಪಕ್ಕ. ಹಾಗಾಗಿ ನಿಮ್ಮ ಗುಂಪಿನಲ್ಲಿ ಅರ್ಧ ಪ್ರಾಣಿಗಳಿಗೆ ತಾತ್ಕಾಲಿಕ ಸ್ಟ್ರೋಕ್, ಉಳಿದವಕ್ಕೆ ಹೆಚ್ಚುಕಡಿಮೆ ಶಾಶ್ವತ ಸ್ಟ್ರೋಕ್ ಆಗುತ್ತಿರಬಹುದು. ಎಕ್ಸ್‌ಟರ್ನಲ್ ಕೆರೋಟಿಡ್ ತುಂಡಿನಿಂದ ತೂರಿಸುವ ಲೊಂಗಾ ಕೈಕೆಲಸ ಮೌಸ್‌ನಲ್ಲಿ ಕಷ್ಟ, ಆದರೆ ಕಾಮನ್ ಕೆರೋಟಿಡ್ ಮತ್ತೆ ತೆರೆಯುತ್ತದೆ. ರಕ್ತನಾಳಗಳ ನಕ್ಷೆ ನೋಡಬೇಕಿದ್ದರೆ ಕೊನೆಗೆ ಕಾರ್ಬನ್ ಕಪ್ಪು ಅಥವಾ ಲೇಟೆಕ್ಸ್ ತುಂಬಿಸಿ ಕೆಲವು ಪ್ರಾಣಿಗಳಲ್ಲಿ ಪರೀಕ್ಷಿಸಿ.

ಅರಿವಳಿಕೆ ಬದಲಿಸಿ. ಕೆಟಮಿನ್ ಎನ್‌ಎಂಡಿಎ ರಿಸೆಪ್ಟರ್ ತಡೆಯುತ್ತದೆ, ಅದು ಸ್ವತಃ ನರಕೋಶ ಕಾಯುವ ಔಷಧಿ. ಜೈಲಜಿನ್ ರಕ್ತದ ಸಕ್ಕರೆ ಏರಿಸುತ್ತದೆ, ಸಕ್ಕರೆ ಏರಿದರೆ ಇನ್‌ಫಾರ್ಕ್ಟ್ ಹಿಗ್ಗುತ್ತದೆ. ಒಂದು ಆ ಕಡೆ, ಒಂದು ಈ ಕಡೆ ಎಳೆಯುವ ಎರಡು ಮದ್ದು ಒಂದೇ ಸಿರಿಂಜಿನಲ್ಲಿ. ಐಸೊಫ್ಲೂರೇನ್ 4% ಮಲಗಿಸಲು, 1.5% ಆಸುಪಾಸು ನಡೆಸಲು. ಅದಕ್ಕೂ ಸ್ವಲ್ಪ ರಕ್ಷಕ ಗುಣ ಇದೆ, ಆದ್ದರಿಂದ ಪ್ರತಿ ಪ್ರಾಣಿಗೂ ಒಟ್ಟು ನಿಮಿಷಗಳನ್ನು ಬರೆದಿಡಿ ಮತ್ತು ಅಡ್ಡಗಟ್ಟಿದ ಅವಧಿಯಲ್ಲಿ ಬೆಚ್ಚನೆಯ ಪಂಜರದಲ್ಲಿ ಎಚ್ಚರವಾಗಿಡಿ.

ಗುದದ ಉಷ್ಣಾಂಶ 36.5–37.5 ಡಿಗ್ರಿ, ಶಸ್ತ್ರಕ್ರಿಯೆ ಮುಗಿದ ಮೇಲೂ ಕನಿಷ್ಠ 2 ಗಂಟೆ. ಮೈ ತಣ್ಣಗಾದ ಮೌಸ್‌ನಲ್ಲಿ ಇನ್‌ಫಾರ್ಕ್ಟ್ ಕುಗ್ಗುವುದು ಹಳೆಯ ವಿಷಯ. ಎಷ್ಟೋ ‘ನರರಕ್ಷಕ’ ಔಷಧಿಗಳು ಬರೀ ಮೈ ತಣಿಸಿ ಹೆಸರು ಮಾಡಿದ್ದವು.

ಕೊನೆಯದು ಟಿಟಿಸಿ. ಜೀವಂತ ಮೈಟೊಕಾಂಡ್ರಿಯಾದ ಡಿಹೈಡ್ರೊಜಿನೇಸ್ ಅದನ್ನು ಕೆಂಪು ಫಾರ್ಮಜಾನ್ ಮಾಡುತ್ತದೆ. 24 ಗಂಟೆಗೆ ಸತ್ತ ಜಾಗ ಬೆಳ್ಳಗೆ ಉಳಿಯುತ್ತದೆ, ಸರಿ. 72 ಗಂಟೆಗೆ ಆ ಸತ್ತ ಜಾಗಕ್ಕೆ ಬಂದು ತುಂಬಿದ ಮ್ಯಾಕ್ರೊಫೇಜ್‌ಗಳೂ ಜೀವಂತವೇ, ಅವೂ ಕೆಂಪಾಗುತ್ತವೆ! ಉರಿಯೂತ ಹೆಚ್ಚಿದ್ದಲ್ಲೇ ಇನ್‌ಫಾರ್ಕ್ಟ್ ಚಿಕ್ಕದಾಗಿ ಕಾಣುವ ವಿಚಿತ್ರ ಇದು. ಉರಿಯೂತದ ಔಷಧಿ ಪರೀಕ್ಷಿಸಲು ಇದಕ್ಕಿಂತ ಕೆಟ್ಟ ಅಳತೆ ಹುಡುಕುವುದು ಕಷ್ಟ. 24 ಗಂಟೆಗಾದರೆ ಟಿಟಿಸಿ ಇರಲಿ: ಮೆದುಳನ್ನು −20ರಲ್ಲಿ ಕೆಲವು ನಿಮಿಷ ಗಟ್ಟಿಮಾಡಿ, 1 ಮಿ.ಮೀ. ಹೋಳು, 2% ದ್ರಾವಣ, 37 ಡಿಗ್ರಿ, ಬೆಳಕಿಲ್ಲದೆ 10–15 ನಿಮಿಷ, ಮಧ್ಯೆ ಒಮ್ಮೆ ಮಗುಚಿ. 72 ಗಂಟೆಗೆ ನರಕೋಶ ತೋರಿಸುವ ಕ್ರೆಸಿಲ್ ವಯೊಲೆಟ್ ಅಥವಾ ಎಂಎಪಿ2 ಬಣ್ಣ. ಊತದ ತಿದ್ದುಪಡಿ ಮರೆಯಬೇಡಿ: ಎದುರು ಅರ್ಧಗೋಳದ ವಿಸ್ತೀರ್ಣದಿಂದ ಪೆಟ್ಟಾದ ಪಕ್ಕದ ಆರೋಗ್ಯಕರ ಭಾಗವನ್ನು ಕಳೆದು, ಎದುರು ಅರ್ಧಗೋಳದಿಂದ ಭಾಗಿಸಿ.

---

ಪರ್ಕಾಲ್ ಪದರ

ಎರಡನೇ ಪ್ರಶ್ನೆಗೆ ಬರುತ್ತೇನೆ. ಶಾಮ್‌ನಲ್ಲಿ ಸಿಡಿ45 ಹೆಚ್ಚಿನ ಕೋಶ ಕಂಡರೆ ಮೊದಲ ಅನುಮಾನ ಪರ್ಫ್ಯೂಷನ್ (ನಾಳಗಳಿಂದ ರಕ್ತ ತೊಳೆಯುವುದು) ಮೇಲೆ. ನಾಳದೊಳಗೆ ಉಳಿದ ರಕ್ತಕೋಶಗಳನ್ನೇ ಮೆದುಳಿಗೆ ನುಗ್ಗಿದವೆಂದು ಎಣಿಸುತ್ತಿರಬಹುದು. ಹೃದಯದ ಎಡ ಕುಹರಕ್ಕೆ ಸೂಜಿ, ಬಲ ಹೃತ್ಕರ್ಣ ಕತ್ತರಿಸಿ, ಹೆಪಾರಿನ್ ಬೆರೆಸಿದ ತಣ್ಣನೆಯ ಪಿಬಿಎಸ್ 20–30 ಮಿ.ಲೀ., ನಿಧಾನ ಒತ್ತಡದಲ್ಲಿ. ಯಕೃತ್ತು ಬಿಳಿಚಿಕೊಳ್ಳಬೇಕು, ಮೆದುಳಿನ ಮೇಲಿನ ನಾಳಗಳಲ್ಲಿ ಕೆಂಪು ಕಾಣಬಾರದು. ಕಂಡರೆ ಆ ಪ್ರಾಣಿಯನ್ನು ಟಿಪ್ಪಣಿ ಮಾಡಿಟ್ಟುಕೊಳ್ಳಿ. ಖಾತ್ರಿ ಬೇಕಿದ್ದರೆ ಕೊಲ್ಲುವ 3 ನಿಮಿಷ ಮೊದಲು ಸಿಡಿ45ರ ಪ್ರತಿಕಾಯವನ್ನು ಬೇರೊಂದು ಬಣ್ಣದಲ್ಲಿ ಬಾಲದ ರಕ್ತನಾಳಕ್ಕೆ ಕೊಡಿ. ಅದು ಅಂಟಿದ ಕೋಶ ನಾಳದೊಳಗಿನದು. ಇನ್‌ಫಾರ್ಕ್ಟ್‌ನಲ್ಲಿ ತಡೆಗೋಡೆ ಸೋರುವುದರಿಂದ ಸಮಯ ಉದ್ದ ಮಾಡಬೇಡಿ, ಪ್ರತಿಕಾಯ ಒಳಗೂ ಇಳಿದುಬಿಡುತ್ತದೆ.

ಮೆನಿಂಜೀಸ್ (ಮೆದುಳಿನ ಹೊದಿಕೆ ಪೊರೆಗಳು) ಮತ್ತು ಕೊರಾಯ್ಡ್ ಪ್ಲೆಕ್ಸಸ್ (ಮೆದುಳಿನ ದ್ರವ ಸ್ರವಿಸುವ ಭಾಗ) ತೆಗೆದಿದ್ದೀರಾ? ಅಲ್ಲಿ ಸಹಜವಾಗಿಯೇ ಸಿಡಿ45 ಹೆಚ್ಚಿನ ಮ್ಯಾಕ್ರೊಫೇಜ್ ಇರುತ್ತವೆ. ಶಾಮ್‌ನ ಅರ್ಧ ಒಗಟು ಅಲ್ಲೇ ಬಿಡಿಸಿಕೊಳ್ಳಬಹುದು. ಇನ್ನರ್ಧ ಶಾಮ್ ಶಸ್ತ್ರಕ್ರಿಯೆಯದೇ: ಕುತ್ತಿಗೆ ಕೊಯ್ದರೆ ರಕ್ತದಲ್ಲಿ ಐಎಲ್-6 (ಉರಿಯೂತದ ಸೂಚಕ) ಏರುತ್ತದೆ. ಏನೂ ಮಾಡದ ನೈವ್ ಪ್ರಾಣಿಗಳ ಒಂದು ಸಣ್ಣ ಗುಂಪು ಇಡಲೇಬೇಕು.

ಕೊಲಾಜಿನೇಸ್ 37 ಡಿಗ್ರಿ, 45 ನಿಮಿಷ: ಎಣಿಕೆಗೆ ಪರವಾಗಿಲ್ಲ, ಜೀನ್ ಅಭಿವ್ಯಕ್ತಿಗೆ ಬೇಡವೇ ಬೇಡ. ಬಿಸಿಯಲ್ಲಿ ಕಿಣ್ವದ ಜೊತೆ ಇದ್ದ ಮೈಕ್ರೋಗ್ಲಿಯಾ ಟ್ಯೂಬಿನಲ್ಲೇ ಎಚ್ಚೆತ್ತು ಫಾಸ್, ಜುನ್, ಐಎಲ್-1ಬೀಟಾ, ಟಿಎನ್‌ಎಫ್ ಜೀನ್‌ಗಳ ಆರ್‌ಎನ್‌ಎ ಬರೆಯಲು ಶುರು ಮಾಡುತ್ತವೆ. ಆಮೇಲೆ ಅದನ್ನು ಸ್ಟ್ರೋಕಿನ ಉರಿಯೂತ ಎಂದು ಓದುತ್ತೇವೆ. ಒಂದೋ ಇಡೀ ಕೆಲಸ ಮಂಜಿನ ಮೇಲೆ ಡೌನ್ಸ್ ಹೋಮೊಜಿನೈಸರ್‌ನಲ್ಲಿ, ಅಂದರೆ ಕೈಯಿಂದ ಅರೆಯುವ ಗಾಜಿನ ಕೊಳವೆಯಲ್ಲಿ, ಮಾಡಿ (ಕೋಶ ಸ್ವಲ್ಪ ಕಡಿಮೆ ಸಿಗುತ್ತವೆ), ಇಲ್ಲವೇ ಪರ್ಫ್ಯೂಷನ್ ದ್ರಾವಣದಿಂದಲೇ ಆಕ್ಟಿನೊಮೈಸಿನ್-ಡಿ ಮುಂತಾದ ಟ್ರಾನ್ಸ್‌ಕ್ರಿಪ್ಷನ್ ತಡೆಗಳನ್ನು ಸೇರಿಸಿ. ನನ್ನ ಒಲವು ಮಂಜಿನ ಕಡೆಗೆ, ಅನುಮಾನಿಸಬೇಕಾದ ಅಂಶ ಅಲ್ಲಿ ಕಡಿಮೆ. ಆದರೆ ಟಿ ಕೋಶಗಳ ಎಣಿಕೆಯೇ ಮುಖ್ಯವಾದರೆ ಕಿಣ್ವ ಮೇಲು. ಡಿಎನ್‌ಎ ಕತ್ತರಿಸುವ ಕಿಣ್ವ ಡಿಎನ್‌ಏಸ್ ಇಲ್ಲದಿದ್ದರೆ ಸತ್ತ ಕೋಶಗಳ ಡಿಎನ್‌ಎ ಅಂಟಾಗಿ ಎಲ್ಲವನ್ನೂ ಮುದ್ದೆ ಕಟ್ಟುತ್ತದೆ; ಇನ್‌ಫಾರ್ಕ್ಟ್ ಪಕ್ಕದಲ್ಲಿ ಇದು ಜಾಸ್ತಿ.

ಪರ್ಕಾಲ್ ಬಾಟಲಿಯಿಂದ ನೇರವಾಗಿ ಬಳಸುವಂತಿಲ್ಲ, ಲವಣಾಂಶ ಕಡಿಮೆ. 9 ಭಾಗ ಪರ್ಕಾಲ್‌ಗೆ 1 ಭಾಗ 10 ಪಟ್ಟು ಪಿಬಿಎಸ್ ಬೆರೆಸಿದ್ದನ್ನು ‘100%’ ಎಂದಿಟ್ಟುಕೊಂಡು ಅದರಿಂದ 70% ಮತ್ತು 30% ಮಾಡಿ. ಕೋಶಗಳನ್ನು 30%ನಲ್ಲಿ ಕಲಕಿ ಬೆರೆಸಿ, 70%ನ ಮೇಲೆ ಕದಡದಂತೆ ಹರಿಸಿ. 500 ಜಿ, 20–30 ನಿಮಿಷ, ಬ್ರೇಕ್ ಸೊನ್ನೆ. ಮೇಲೆ ಮೈಲಿನ್ ಪದರ, ಅದನ್ನು ಮೊದಲು ಹೀರಿ ಎಸೆಯಿರಿ. 30–70ರ ನಡುವೆ ಬೇಕಾದ ಕೋಶ. ಬ್ರೇಕ್ ಹಾಕಿದರೆ ಪದರ ಕದಡಿ ಮೈಲಿನ್ ಕೆಳಗಿಳಿಯುತ್ತದೆ, ಪ್ಲಾಟ್‌ನಲ್ಲಿ ಕಸದ ರಾಶಿ ಕಾಣುತ್ತದೆ.

ಗೆರೆ ಎಳೆಯುವ ವಿಚಾರ. ಆರೋಗ್ಯವಂತ ಮೆದುಳಿನಲ್ಲಿ ಸಿಡಿ11ಬಿ ಇದ್ದು ಸಿಡಿ45 ಮಧ್ಯಮವಾದದ್ದು ಮೈಕ್ರೋಗ್ಲಿಯಾ, ಸಿಡಿ45 ಹೆಚ್ಚಾದದ್ದು ಹೊರಗಿನಿಂದ ಬಂದದ್ದು. ಸ್ಟ್ರೋಕ್ ಆದ 3ನೇ ದಿನ ಈ ನಿಯಮ ಸಡಿಲವಾಗುತ್ತದೆ. ಎಚ್ಚೆತ್ತ ಮೈಕ್ರೋಗ್ಲಿಯಾ ಸಿಡಿ45 ಏರಿಸಿಕೊಳ್ಳುತ್ತವೆ, ಒಳಗೆ ಬಂದ ಮೊನೊಸೈಟ್‌ಗಳು ದಿನ ಕಳೆದಂತೆ ಅದನ್ನು ಇಳಿಸಿಕೊಳ್ಳುತ್ತವೆ. ಮೈಕ್ರೋಗ್ಲಿಯಾದ ಗುರುತುಗಳಾದ ಟಿಎಂಇಎಂ119, ಪಿ2ವೈ12 ಬಳಸಿ ಎನ್ನುತ್ತಾರೆ, ಆದರೆ ಅವೂ ಪೆಟ್ಟಾದ ಜಾಗದಲ್ಲಿ ಕುಸಿಯುತ್ತವೆ. ಅಂದರೆ ‘ಪಿ2ವೈ12 ಇಲ್ಲ, ಆದ್ದರಿಂದ ಮೊನೊಸೈಟ್’ ಎಂಬ ವಾದ ನಿಲ್ಲದು. ನಿಜವಾದ ಉತ್ತರ ಗುರುತು ಹಾಕಿದ ಪ್ರಾಣಿ: ಸಿಎಕ್ಸ್3ಸಿಆರ್1-ಕ್ರೆ-ಇಆರ್ ಮತ್ತು ಟಿಡಿಟೊಮ್ಯಾಟೊ ತಳಿ, ಮೈಕ್ರೋಗ್ಲಿಯಾ ಮತ್ತು ಮೊನೊಸೈಟ್‌ಗಳಲ್ಲಿ ಕೆಂಪು ಗುರುತು ಬೀಳಿಸಲು ಟ್ಯಾಮಾಕ್ಸಿಫೆನ್ ಕೊಟ್ಟು ಕನಿಷ್ಠ 4 ವಾರ ಕಾಯಬೇಕು. ಅಷ್ಟರಲ್ಲಿ ಗುರುತು ಬಿದ್ದ ರಕ್ತದ ಮೊನೊಸೈಟ್ ಸತ್ತು ಹೊಸವು ಬಂದಿರುತ್ತವೆ. ದೀರ್ಘಾಯುಷಿ ಮೈಕ್ರೋಗ್ಲಿಯಾದಲ್ಲಿ ಕೆಂಪು ಉಳಿದಿರುತ್ತದೆ. ಮೆದುಳಿನ ಅಂಚಿನ ಮ್ಯಾಕ್ರೊಫೇಜ್‌ಗಳಲ್ಲೂ ಉಳಿಯುತ್ತದೆ ಎಂಬುದು ಇದರ ಮಿತಿ.

ಆ ತಳಿ ಇಲ್ಲದಿದ್ದರೆ ಪ್ಯಾನಲ್ ಹಿಗ್ಗಿಸಿ: ಜೀವಂತಿಕೆಯ ಬಣ್ಣ, ಸಿಡಿ45, ಸಿಡಿ11ಬಿ, ಲೈ6ಜಿ (ನ್ಯೂಟ್ರೊಫಿಲ್), ಲೈ6ಸಿ (ಮೊನೊಸೈಟ್), ಸಿಡಿ3 (ಟಿ ಕೋಶ), ಪಿ2ವೈ12. ಪ್ರತಿಕಾಯಗಳು ಬೇಡದಲ್ಲಿ ಅಂಟದಂತೆ ಮೊದಲು ಸಿಡಿ16/32 ತಡೆ 10 ನಿಮಿಷ. ಶೇಕಡಾವಾರು ಮಾತ್ರ ಬರೆಯಬೇಡಿ. ನ್ಯೂಟ್ರೊಫಿಲ್ ಹೆಚ್ಚಾದರೆ ಮೈಕ್ರೋಗ್ಲಿಯಾ ‘ಶೇಕಡಾ’ ತಾನಾಗಿ ಇಳಿಯುತ್ತದೆ, ಒಂದೂ ಸತ್ತಿರುವುದಿಲ್ಲ. ಎಣಿಕೆ ಮಣಿ ಹಾಕಿ, ಅರ್ಧಗೋಳಕ್ಕೆ ಎಷ್ಟು ಕೋಶ ಎಂದು ಕೊಡಿ.

ಸಮಯವೂ ಹೇಳಿಬಿಡುತ್ತೇನೆ: ಮೈಕ್ರೋಗ್ಲಿಯಾ ಮೊದಲ ಗಂಟೆಗಳಲ್ಲೇ, ನ್ಯೂಟ್ರೊಫಿಲ್ 1ರಿಂದ 3ನೇ ದಿನ, ಲೈ6ಸಿ ಹೆಚ್ಚಿನ ಮೊನೊಸೈಟ್ 3ನೇ ದಿನದ ಆಸುಪಾಸು, ಟಿ ಕೋಶ 3ರಿಂದ 7. ಒಂದೇ ಸಮಯಬಿಂದುವಿನಲ್ಲಿ ‘ಉರಿಯೂತ ತಗ್ಗಿತು’ ಎಂದು ಬರೆದರೆ ವಿಮರ್ಶಕರು ಯಾವ ಉರಿಯೂತ ಎಂದು ಕೇಳುತ್ತಾರೆ, ಕೇಳಲೇಬೇಕು. 2016ರಲ್ಲಿ ಬುಡಾಪೆಸ್ಟಿನ ಆಡಮ್ ದೇನೆಶ್ ಗುಂಪು ಮೈಕ್ರೋಗ್ಲಿಯಾ ಬದುಕಲು ಬೇಕಾದ ಸಿಎಸ್‌ಎಫ್1 ರಿಸೆಪ್ಟರ್ ತಡೆದು ಮೈಕ್ರೋಗ್ಲಿಯಾ ಅಳಿಸಿದಾಗ ಇನ್‌ಫಾರ್ಕ್ಟ್ ಕುಗ್ಗಲಿಲ್ಲ, ಶೇ. 60ರಷ್ಟು ಹಿಗ್ಗಿತು.

---

ಪಂಜರ ಪಾಳಿ

ಇಬ್ಬರೂ ಛಲೋ ಹೇಳ್ಯಾರ. ಎರಡು ಮಾತು ಪಂಜರದ ಕಡೆಯಿಂದ, ಯಾಕಂದ್ರ ಮೆಥಡ್ಸ್‌ನ್ಯಾಗ ಇವನ್ನ ಯಾರೂ ಬರಿಯೂದಿಲ್ಲ.

ನೋವಿಗೆ ಏನು ಕೊಡ್ತೀರಿ? ಮೆಲಾಕ್ಸಿಕ್ಯಾಮ್ ಅಥವಾ ಕಾರ್ಪ್ರೊಫೆನ್ ಕೊಟ್ಟಿದ್ರ ಅವು ಉರಿಯೂತ ತಗ್ಗಿಸೋ ಔಷಧಾನೇ ಅಲ್ರೀ. ಉರಿಯೂತ ಅಳೆಯೋ ಪ್ರಯೋಗಕ್ಕ ಬುಪ್ರಿನಾರ್ಫಿನ್ 0.05–0.1 ಮಿ.ಗ್ರಾಂ/ಕಿ.ಗ್ರಾಂ, 8–12 ತಾಸಿಗೊಮ್ಮೆ, ಶಾಮ್‌ಗೂ ಅಷ್ಟೇ ಡೋಸು, ಅದೇ ಹೊತ್ತಿಗೆ. ಗಾಯಕ್ಕ ಲಿಡೋಕೇನ್ ಹಚ್ರಿ. ನೋವಿಗೆ ಏನೂ ಕೊಡದ ಬಿಡೂದು ದಾರಿ ಅಲ್ಲ, ನೀತಿ ಸಮಿತಿಯವರು ಫಾರ್ಮ್ ಬಿ ವಾಪಸ್ ಕಳಸ್ತಾರ, ಕಳಿಸಬೇಕು.

ನೀರಿನ್ಯಾಗ ಆಂಟಿಬಯೋಟಿಕ್ ಹಾಕಬ್ಯಾಡ್ರಿ. 2016ರಾಗ ನ್ಯೂಯಾರ್ಕಿನ ವೈಲ್ ಕಾರ್ನೆಲ್‌ದ ಯಾಡೆಕೋಲಾ, ಆನ್‌ರಾದರ್ ಗುಂಪು ತೋರಿಸಿದ್ದು ಇದನ್ನ: ಆಂಟಿಬಯೋಟಿಕ್‌ನಿಂದ ಕರುಳಿನ ಸೂಕ್ಷ್ಮಜೀವಿ ಬದಲಾದ್ರ ಗಾಮಾ-ಡೆಲ್ಟಾ ಟಿ ಕೋಶದ ಲೆಕ್ಕ ಬದಲಾಗಿ ಇನ್‌ಫಾರ್ಕ್ಟ್ ಸಣ್ಣದಾಗ್ತದ. ಬ್ಯಾರೆ ಬ್ಯಾರೆ ಕಡೆಯಿಂದ ತರಿಸಿದ ಮೌಸ್ ಬ್ಯಾರೆ ಬ್ಯಾರೆ ಕರುಳು ಹೊತ್ತು ಬರ್ತಾವ. ಒಂದೇ ಕಡೆಯಿಂದ ತರಿಸ್ರಿ, 2–3 ವಾರ ಹೊಂದಿಕೊಳ್ಳಾಕ ಬಿಡ್ರಿ, ಗುಂಪು ಹಂಚೂಮುಂದ ಒಂದೊಂದು ಪಂಜರದಾಗ ಎಲ್ಲಾ ಗುಂಪಿನವೂ ಇರೂ ಹಂಗ ನೋಡ್ರಿ. ಮಲ ತಿಂತಾವಲ್ಲ, ಹಂಗಾಗಿ ಒಂದು ಪಂಜರದ್ದು ಎಲ್ಲಾ ಹೆಚ್ಚುಕಡಿಮಿ ಒಂದೇ ಕರುಳು.

ತೂಕ ದಿನಾ ನೋಡ್ರಿ. ಮೊದಲ 3 ದಿನ ಇಳಿಯೂದು ಸಹಜ. ನೆನೆಸಿದ ಆಹಾರ ನೆಲದ ಮ್ಯಾಲೆ ಇಡ್ರಿ, ಬೆಚ್ಚನ ಸಲೈನ್ 0.5 ಮಿ.ಲೀ. ಚರ್ಮದ ಕೆಳಗ. ಸ್ಟ್ರೋಕ್ ಆದ ಮೌಸ್‌ನಾಗ ರೋಗನಿರೋಧಕ ಶಕ್ತಿ ಕುಸಿದು 3ನೇ ದಿನಕ್ಕ ನ್ಯುಮೋನಿಯಾ ಆಗ್ತದ, ಗುಲ್ಮ ಸಣ್ಣದಾಗ್ತದ. ಶ್ವಾಸಕೋಶ ತೆಗೆದು ನೋಡದ ರಕ್ತದ ಐಎಲ್-6 ಏರಿತು ಅಂತ ಬರದ್ರ, ಅದು ಮೆದುಳಿಂದೋ ಪುಪ್ಪುಸದ್ದೋ ಹೆಂಗ ಗೊತ್ತಾಗ್ಬೇಕು?

---

ವಾರ್ಡ್ ಡ್ಯೂಟಿ

ಮೂರನೇ ಪ್ರಶ್ನೆ. ‘ಮನುಷ್ಯರಲ್ಲಿ ಕೆಲಸ ಮಾಡಲಿಲ್ಲ’ ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಈ ಸಾಲಿನ ಮುಖ್ಯ ಕೆಲಸ ಮ್ಯಾಂಚೆಸ್ಟರಿನದು. ನ್ಯಾನ್ಸಿ ರಾಥ್‌ವೆಲ್ ಗುಂಪು 1990ರ ದಶಕದ ಆರಂಭದಲ್ಲೇ ರ‍್ಯಾಟ್‌ಗಳಲ್ಲಿ ಐಎಲ್-1 ರಿಸೆಪ್ಟರ್ ಆಂಟಗೊನಿಸ್ಟ್ ಕೊಟ್ಟರೆ ಇಸ್ಕೀಮಿಕ್ ಹಾನಿ ತಗ್ಗುತ್ತದೆ ಎಂದು ತೋರಿಸಿತು. ಮುಂದೆ ಸ್ಟೂವರ್ಟ್ ಅಲನ್ ಮತ್ತಿತರರ ಜೊತೆ ವಯಸ್ಸಾದ, ಬೊಜ್ಜಿನ ರ‍್ಯಾಟ್‌ಗಳಲ್ಲೂ ಅದನ್ನೇ ಕಂಡರು. ಹೆಚ್ಚಿನ ಔಷಧಿಗಳು ಆ ಹಂತದಲ್ಲೇ ಬಿದ್ದುಹೋಗುತ್ತವೆ. 2005ರಲ್ಲಿ 34 ರೋಗಿಗಳ ಸಣ್ಣ ಪರೀಕ್ಷೆ: 6 ಗಂಟೆಯೊಳಗೆ 100 ಮಿ.ಗ್ರಾಂ ರಕ್ತನಾಳಕ್ಕೆ, ಆಮೇಲೆ ಗಂಟೆಗೆ 2 ಮಿ.ಗ್ರಾಂ/ಕಿ.ಗ್ರಾಂ, 72 ಗಂಟೆ. ಸುರಕ್ಷಿತ ಎನ್ನಿಸಿತು, ರಕ್ತದ ಉರಿಯೂತ ಸೂಚಕಗಳು ಇಳಿದವು.

2018ರಲ್ಲಿ ಬಂದ ಸಿಲ್-ಸ್ಟ್ರೋಕ್ ಪರೀಕ್ಷೆಯಲ್ಲಿ 80 ರೋಗಿಗಳು. 5 ಗಂಟೆಯೊಳಗೆ ಶುರು, ಚರ್ಮದಡಿ 100 ಮಿ.ಗ್ರಾಂ ದಿನಕ್ಕೆರಡು ಸಲ, 3 ದಿನ. ರಕ್ತದ ಐಎಲ್-6 ಸ್ಪಷ್ಟವಾಗಿ ಇಳಿಯಿತು, ಮೂರು ತಿಂಗಳ ಅಂಗವೈಕಲ್ಯದ ಅಂಕ ಸುಧಾರಿಸಲಿಲ್ಲ. ಆದರೆ ನೆನಪಿಡಿ, ಆ ಪರೀಕ್ಷೆಯ ಮುಖ್ಯ ಅಳತೆ ಐಎಲ್-6. 80 ಜನರಲ್ಲಿ ಅಂಗವೈಕಲ್ಯದ ಬಗ್ಗೆ ತೀರ್ಪು ಕೊಡಲಾಗದು. ಬಹುಪಾಲು ರೋಗಿಗಳು ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಪಡೆದಿದ್ದರು, ಎರಡು ಮದ್ದುಗಳ ನಡುವೆ ಏನೋ ಎಡವಟ್ಟು ಇರಬಹುದೆಂಬ ಅನುಮಾನವನ್ನು ಸಂಶೋಧಕರೇ ಎತ್ತಿದರು. ಇಲ್ಲಿ ನಿಮ್ಮ ಮೌಸ್‌ಗೆ ಕೆಲಸ ಸಿಗುತ್ತದೆ: ಐಎಲ್-1 ತಡೆ ಮಾತ್ರ, ಆಲ್ಟಿಪ್ಲೇಸ್ ಮಾತ್ರ, ಎರಡೂ, ಯಾವುದೂ ಇಲ್ಲ ಎಂಬ ನಾಲ್ಕು ಗುಂಪು. ಇದಕ್ಕೆ ತಂತು ಮಾದರಿ ಹೊಂದುವುದಿಲ್ಲ, ಕರಗಿಸಲು ಹೆಪ್ಪೇ ಇಲ್ಲವಲ್ಲ. ಥ್ರಾಂಬಿನ್ ಚುಚ್ಚಿ ಹೆಪ್ಪು ಕಟ್ಟಿಸುವ ಮಾದರಿ ಬೇಕು. ಮೌಸ್‌ನಲ್ಲಿ ಮಾನವ ಆಲ್ಟಿಪ್ಲೇಸ್ ದುರ್ಬಲ, ಅದಕ್ಕೇ 0.9ರ ಬದಲು 10 ಮಿ.ಗ್ರಾಂ/ಕಿ.ಗ್ರಾಂ ಕೊಡುವ ರೂಢಿ.

ನಿಜವಾಗಿ ಕೆಟ್ಟದ್ದು ಎನ್ಲಿಮೊಮ್ಯಾಬ್. ಬಿಳಿ ರಕ್ತಕೋಶಗಳು ನಾಳಕ್ಕೆ ಅಂಟಲು ನೆರವಾಗುವ ಐಕ್ಯಾಮ್-1 ವಿರುದ್ಧದ ಪ್ರತಿಕಾಯ, 625 ರೋಗಿಗಳು, 2001ರಲ್ಲಿ ಪ್ರಕಟ. ಔಷಧಿ ಪಡೆದವರ ಸ್ಥಿತಿ ಪ್ಲಸೀಬೊ ಪಡೆದವರಿಗಿಂತ ಹದಗೆಟ್ಟಿತು, ಜ್ವರ ಮತ್ತು ಸೋಂಕು ಹೆಚ್ಚಿದವು. ಅದು ಮೌಸ್‌ನಿಂದ ತೆಗೆದ ಪ್ರತಿಕಾಯ. ಮನುಷ್ಯನ ದೇಹಕ್ಕೆ ಪರಕೀಯ. ಅದೇ ವರ್ಷ ರ‍್ಯಾಟ್‌ಗಳಿಗೆ ಮೌಸ್ ಪ್ರತಿಕಾಯ ಕೊಟ್ಟು ನೋಡಿದಾಗ ಕಾಂಪ್ಲಿಮೆಂಟ್ ಮತ್ತು ನ್ಯೂಟ್ರೊಫಿಲ್ ಕೆರಳಿದ್ದು ಕಂಡಿತು. ದೇಹಕ್ಕೆ ಪರಕೀಯವಾದ ಪ್ರತಿಕಾಯ ಕೊಟ್ಟರೆ ಹೀಗೂ ಆಗಬಹುದು.

ನಟಾಲಿಜುಮ್ಯಾಬ್ (ಬಿಳಿ ರಕ್ತಕೋಶದ ಸಿಡಿ49ಡಿ ತಡೆದು ಅವು ಮೆದುಳಿಗೆ ನುಗ್ಗದಂತೆ ಮಾಡುವ ಪ್ರತಿಕಾಯ) ಕಥೆ ನಿಮಗೆ ಹೆಚ್ಚು ಹತ್ತಿರ. ಮ್ಯೂನಿಕ್‌ನ ಆರ್ಥರ್ ಲೀಸ್ ಮುಂದಾಳತ್ವದಲ್ಲಿ 2015ರಲ್ಲಿ ಆರು ಕೇಂದ್ರಗಳು, 315 ಮೌಸ್, ಮನುಷ್ಯರ ಪರೀಕ್ಷೆಯಂತೆಯೇ ಯಾದೃಚ್ಛಿಕವಾಗಿ ಹಂಚಿ, ಸಿಡಿ49ಡಿ ಪ್ರತಿಕಾಯ ನೋಡಿದರು. ಕಾರ್ಟೆಕ್ಸ್‌ನ ಸಣ್ಣ, ಶಾಶ್ವತ ಇನ್‌ಫಾರ್ಕ್ಟ್‌ನಲ್ಲಿ ಕೆಲಸ ಮಾಡಿತು. ತಂತುವಿನ ದೊಡ್ಡ ಇನ್‌ಫಾರ್ಕ್ಟ್‌ನಲ್ಲಿ ಮಾಡಲಿಲ್ಲ. ಮನುಷ್ಯರಲ್ಲಿ ನಟಾಲಿಜುಮ್ಯಾಬ್‌ನ ಆಕ್ಷನ್ ಪರೀಕ್ಷೆ 161 ಜನ, 300 ಮಿ.ಗ್ರಾಂ, ಇನ್‌ಫಾರ್ಕ್ಟ್ ಬೆಳವಣಿಗೆ ತಗ್ಗಲಿಲ್ಲ. ಆಕ್ಷನ್-2ರಲ್ಲಿ 600 ಮಿ.ಗ್ರಾಂವರೆಗೂ ಹೋದರು, ಅಲ್ಲೂ ಇಲ್ಲ. ಹಾಗಾಗಿ ನೀವು ತಂತು ಮಾದರಿ ಒಂದನ್ನೇ ನೆಚ್ಚಬೇಡಿ. ಎಂಸಿಎ ನಾಳದ ದೂರದ ತುದಿಯನ್ನು ಸುಡುವ ಮಾದರಿಯಲ್ಲೂ ಒಂದು ಸುತ್ತು ನೋಡಿ. ಸಾವು ಕಡಿಮೆ, ಏರುಪೇರೂ ಕಡಿಮೆ.

ಉರಿಯೂತ ತಗ್ಗಿಸುವ ಕಾಲ್ಚಿಸಿನ್ ಮಾತ್ರೆಯ ಪರೀಕ್ಷೆಗಳನ್ನು ಇವುಗಳೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. 2024ರ ಕನ್ವಿನ್ಸ್ (3154 ರೋಗಿಗಳು) ಮತ್ತು ಚಾನ್ಸ್-3 (8343 ರೋಗಿಗಳು) ಮತ್ತೊಂದು ಸ್ಟ್ರೋಕ್ ತಡೆಯುವ ಪರೀಕ್ಷೆಗಳು, ಆದ ಹಾನಿ ತಗ್ಗಿಸುವವಲ್ಲ. ಎರಡರಲ್ಲೂ ಮುಖ್ಯ ಅಳತೆಯಲ್ಲಿ ಸಾಂಖ್ಯಿಕವಾಗಿ ಗೆಲುವು ಬರಲಿಲ್ಲ.

---

ನರಜಾಲ

ಎಲ್ಲರಿಗೂ ವಂದನೆ. ಲೊಂಗಾ, ಐಸೊಫ್ಲೂರೇನ್, ಡಾಪ್ಲರ್, 72 ಗಂಟೆಗೆ ಕ್ರೆಸಿಲ್ ವಯೊಲೆಟ್ ಎಂದು ವಿಧಾನ ತಿದ್ದುತ್ತಿದ್ದೇನೆ. ಉಳಿದದ್ದು ಎರಡು: ಗುಂಪಿಗೆ 8 ಪ್ರಾಣಿ ಸಾಕೇ? ಐಎಲ್-1 ತಡೆಯನ್ನು ಅಡ್ಡಗಟ್ಟುವ 30 ನಿಮಿಷ ಮೊದಲು ಕೊಟ್ಟು, ಕಂಟ್ರೋಲ್‌ಗೆ ಸಲೈನ್ ಎಂದಿದೆ. ಅದು ಸರಿಯೇ?

---

ಪಿ ಬೆಲೆ

8 ಸಾಕೇ ಎಂಬುದು ನಿಮ್ಮ ಏರುಪೇರನ್ನು ಅವಲಂಬಿಸಿದೆ. ಎರಡು ಗುಂಪು, ಆಲ್ಫಾ 0.05, ಪವರ್ ಶೇ. 80 ಆದರೆ ಗುಂಪಿಗೆ ಬೇಕಾದ ಸಂಖ್ಯೆ ಸುಮಾರು 15.7 × (ಪ್ರಮಾಣಿತ ವಿಚಲನೆ ÷ ಕಾಣಬೇಕಾದ ವ್ಯತ್ಯಾಸ)ದ ವರ್ಗ. ಸರಾಸರಿ ಇನ್‌ಫಾರ್ಕ್ಟ್ ಶೇ. 40 ಎಂದಿಟ್ಟುಕೊಳ್ಳಿ, ಔಷಧಿ ಅದನ್ನು ಮೂರನೇ ಒಂದು ಪಾಲಿನ ಹತ್ತಿರ, 12 ಅಂಕ ಇಳಿಸಬೇಕು. ವಿಚಲನೆ 16 ಇದ್ದರೆ ಗುಂಪಿಗೆ 28. 12ಕ್ಕೆ ತಂದರೆ 16–17. 8ಕ್ಕೆ ತಂದರೆ 7–8. ಡಾಪ್ಲರ್ ಖರ್ಚು ಜಾಸ್ತಿ ಎನ್ನುವವರಿಗೆ ಈ ಲೆಕ್ಕ ತೋರಿಸಿ. ಇದರ ಮೇಲೆ ಸಾವು ಮತ್ತು ಹೊರಗಿಟ್ಟದ್ದು ಐದರಲ್ಲೊಂದು ಎಂದರೆ 17 ಉಳಿಯಲು 22ರಿಂದ ಶುರು ಮಾಡಬೇಕು. ಸತ್ತ ಪ್ರಾಣಿಗಳನ್ನು ಸುಮ್ಮನೆ ಬಿಟ್ಟುಬಿಡಬೇಡಿ. ದೊಡ್ಡ ಇನ್‌ಫಾರ್ಕ್ಟ್ ಇದ್ದವೇ ಸಾಯುವುದು. ಒಂದು ಗುಂಪಿನಲ್ಲಿ ಹೆಚ್ಚು ಸತ್ತರೆ ಆ ಗುಂಪಿನ ಸರಾಸರಿ ಚೆನ್ನಾಗಿ ಕಾಣುತ್ತದೆ.

ಹಂಚಿಕೆ ಕಂಪ್ಯೂಟರಿನಿಂದ, ದಿನಕ್ಕೆ ಒಂದು ಬ್ಲಾಕ್‌ನಂತೆ, ಶಸ್ತ್ರಕ್ರಿಯೆ ಮಾಡುವವರಿಗೆ ತಂತು ತೆಗೆಯುವವರೆಗೂ ಗೊತ್ತಾಗದಂತೆ. ಬಾಟಲಿಗೆ ಬೇರೆಯವರು ಸಂಕೇತ ಹಾಕಲಿ. ಹೋಳುಗಳ ಫೋಟೋ ಅಳೆಯುವವರಿಗೂ ಸಂಕೇತವೇ ಕಾಣಬೇಕು. ನಡವಳಿಕೆಗೆ ಕಾರ್ನರ್ ಪರೀಕ್ಷೆ (ಮೂಲೆಯಲ್ಲಿ ಯಾವ ಪಕ್ಕಕ್ಕೆ ತಿರುಗುತ್ತದೆ ಎಂದು ನೋಡುವುದು) ಸೇರಿಸಿ, 24 ಗಂಟೆಗೆ ನಿಲ್ಲಿಸದೆ 28 ದಿನದವರೆಗೆ ಒಂದು ಗುಂಪು ಇರಲಿ. ಅಮೆರಿಕದ ಸ್ಪ್ಯಾನ್ ಜಾಲ ಆರು ಪ್ರಯೋಗಾಲಯಗಳಲ್ಲಿ ಹೀಗೇ ಕಟ್ಟುನಿಟ್ಟಾಗಿ ಆರು ಚಿಕಿತ್ಸೆಗಳನ್ನು ಒರೆಗೆ ಹಚ್ಚಿತು. ಕೊನೆಯವರೆಗೂ ಉಳಿದದ್ದು ಯೂರಿಕ್ ಆಮ್ಲ ಒಂದೇ. ಉರಿಯೂತದ ಕಡೆಯಿಂದ ಬಂದ ಟೊಸಿಲಿಜುಮ್ಯಾಬ್, ಫಿಂಗೊಲಿಮಾಡ್ ಎರಡೂ ಮಧ್ಯದಲ್ಲೇ ಉಳಿದವು. ಹೆಣ್ಣು ಪ್ರಾಣಿ, ವಯಸ್ಸಾದ ಪ್ರಾಣಿ ಅಲ್ಲಿ ಇದ್ದವು. ನಿಮ್ಮಲ್ಲಿ ಬರೀ 10 ವಾರದ ಗಂಡು, ಅಂದರೆ ಸ್ಟ್ರೋಕ್ ಆಗುವ ವಯಸ್ಸೇ ಅಲ್ಲ. ಕನಿಷ್ಠ ಎರಡನೇ ಸುತ್ತಿನಲ್ಲಿ 16–18 ತಿಂಗಳಿನವನ್ನು, ಎರಡೂ ಲಿಂಗ, ತನ್ನಿ.

30 ನಿಮಿಷ ಮೊದಲು ಕೊಡುವುದು ಕಾರ್ಯವಿಧಾನ ತಿಳಿಯಲು ಸರಿ, ಚಿಕಿತ್ಸೆ ಎಂದು ಕರೆಯಲು ಅಲ್ಲ. ಸ್ಟ್ರೋಕ್ ಬರುವ ಮುಂಚೆ ಆಸ್ಪತ್ರೆಗೆ ಯಾರು ಬರುತ್ತಾರೆ? ರಕ್ತ ಮರಳಿದ ಕ್ಷಣದಲ್ಲಿ ಒಂದು ಗುಂಪು, 3 ಗಂಟೆ ತಡವಾಗಿ ಇನ್ನೊಂದು. ಐಎಲ್-1 ರಿಸೆಪ್ಟರ್ ಆಂಟಗೊನಿಸ್ಟ್ ಪ್ರೋಟೀನ್ ರಕ್ತದಿಂದ ಬೇಗ ಖಾಲಿಯಾಗುತ್ತದೆ, ಮೆದುಳಿಗೆ ನಿಧಾನವಾಗಿ ಇಳಿಯುತ್ತದೆ. ಒಂದೇ ಡೋಸಿಗೆ ನಿಲ್ಲಿಸದೆ ಮರುಡೋಸು ಕೊಟ್ಟು, ಪ್ಲಾಸ್ಮಾ ಮತ್ತು ಮೆದುಳಿನ ಎರಡೂ ಪಕ್ಕದಲ್ಲಿ ಅದರ ಪ್ರಮಾಣವನ್ನು ಎಲೈಸಾದಿಂದ (ಪ್ರತಿಕಾಯ ಬಳಸಿ ಪ್ರೋಟೀನ್ ಅಳೆಯುವ ಪರೀಕ್ಷೆ) ಅಳೆಯಿರಿ. ಇಲ್ಲದಿದ್ದರೆ ಫಲಿತಾಂಶ ಸೊನ್ನೆ ಬಂದಾಗ ಔಷಧಿ ಸೋತಿತೋ, ತಲುಪಲೇ ಇಲ್ಲವೋ ಹೇಳಲಾಗದು. ಐಎಲ್-1ಬೀಟಾ ಅಳೆಯುವಾಗಲೂ ಜೋಕೆ: ಹಲವು ಎಲೈಸಾ ಕಿಟ್‌ಗಳು 31 ಕಿಲೋಡಾಲ್ಟನ್‌ನ ಪೂರ್ವರೂಪವನ್ನೂ 17ರ ಸಕ್ರಿಯ ರೂಪವನ್ನೂ ಒಟ್ಟಿಗೆ ಹಿಡಿಯುತ್ತವೆ. ಜೊತೆಗೆ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ತೋರಿಸುವ ಒಂದು ವೆಸ್ಟರ್ನ್ ಬ್ಲಾಟ್ ಇರಲಿ.

ಸಲೈನ್ ಕಂಟ್ರೋಲ್ ಬೇಡ. ಮಾರುಕಟ್ಟೆಯ ಅನಾಕಿನ್ರಾದಲ್ಲಿ (ಅದೇ ಆಂಟಗೊನಿಸ್ಟ್‌ನ ಔಷಧಿ ರೂಪ) ಸೋಡಿಯಂ ಸಿಟ್ರೇಟ್, ಉಪ್ಪು, ಇಡಿಟಿಎ, ಪಾಲಿಸಾರ್ಬೇಟ್ 80 ಇರುತ್ತವೆ. ಚುಚ್ಚಿದಲ್ಲಿ ಉರಿಯುವುದು ಗೊತ್ತಿರುವ ವಿಷಯ, ಮೌಸ್ ಚಡಪಡಿಸಿದರೆ ಬ್ಲೈಂಡಿಂಗ್ ಅಲ್ಲಿಗೇ ಮುಗಿಯಿತು. ಇದೇ ದ್ರಾವಣವನ್ನು ಪ್ರೋಟೀನ್ ಇಲ್ಲದೆ ಮಾಡಿಕೊಳ್ಳಿ. ಕಂಪನಿಯಿಂದ ಸಂಶೋಧನಾ ದರ್ಜೆಯ ರಿಕಾಂಬಿನೆಂಟ್ ಪ್ರೋಟೀನ್ ತರಿಸಿದರೆ ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಕವಚದ ವಿಷ, ಎಲ್‌ಪಿಎಸ್) ಪರೀಕ್ಷೆ ನೀವೇ ಮಾಡಿ, ಅದು ಇ. ಕೋಲಿಯಲ್ಲಿ ಬೆಳೆದದ್ದು, ಲೇಶ ಎಲ್‌ಪಿಎಸ್ ಉಳಿದರೂ ಉರಿಯೂತ ತಡೆಯುವ ಮದ್ದೇ ಉರಿಯೂತ ಎಬ್ಬಿಸುತ್ತದೆ. ಕುದಿಸಿದ ಪ್ರೋಟೀನ್ ಅನ್ನು ಹೆಚ್ಚುವರಿ ಕಂಟ್ರೋಲ್ ಆಗಿ ಇಟ್ಟರೆ ಇದು ಸಿಕ್ಕಿಬೀಳುತ್ತದೆ: ಕುದಿಸಿದರೆ ಪ್ರೋಟೀನ್ ಕೆಡುತ್ತದೆ, ಎಲ್‌ಪಿಎಸ್ ಹಾಗೇ ಉಳಿಯುತ್ತದೆ. ಆ ಗುಂಪಿನಲ್ಲೂ ಐಎಲ್-6 ಮೇಲೆದ್ದರೆ ಬ್ಯಾಚ್ ಬದಲಿಸಿ.